ಶೋಕೇಸಿನ ಆಲಿವ್ ಬಾಟಲಿ, ಮೂಲೆಯ ಕುಸುಬಿ ಡಬ್ಬಿ



ಆಲಿವ್ ಎಣ್ಣೆಯ ಬಾಟಲಿ ನಮ್ಮ ಮನೆಗಳಿಗೆ ಬಂದರೆ ಅದಕ್ಕೆ ಎರಡೇ ಗತಿ. ಪುಣೆಯಿಂದಲೋ ಗಲ್ಫಿನಿಂದಲೋ ಯಾರಾದರೂ ತಂದುಕೊಟ್ಟದ್ದಾದರೆ ಶೋಕೇಸಿನಲ್ಲಿ ಕಪ್ಪು-ಬಸಿಗಳ ಪಕ್ಕ ನಿಲ್ಲುತ್ತದೆ. ವರ್ಷ ಕಳೆದ ಮೇಲೆ ಕೂಸಿನ ಮೈ ತಿಕ್ಕಲು ಇಳಿಯುತ್ತದೆ. ಡಾಕ್ಟರರು "ಎಣ್ಣಿ ಬದಲ್ ಮಾಡ್ರಿ" ಅಂದರೆಂದು ನಾವೇ ಕೊಂಡದ್ದಾದರೆ ಅದೇ ಎಣ್ಣೆಯಲ್ಲಿ ಭಜಿ ಕರಿಯುತ್ತೇವೆ. ಬಾಲ್ಸಾಮಿಕ್ ವಿನೆಗರಿನ ಕಥೆ ಇನ್ನೂ ಸಣ್ಣದು. ಮುಚ್ಚಳ ತೆಗೆದು ಮೂಸಿ ನೋಡಿ, "ಇದು ಕೆಟ್ಟದ" ಎಂದು ಬದಿಗಿಡುತ್ತೇವೆ.

ಎರಡೂ ವ್ಯರ್ಥವೇ. ಒಳ್ಳೆಯ ಎಣ್ಣೆ, ಒಳ್ಳೆಯ ಹುಳಿ ದಿನದ ಊಟಕ್ಕೆ ಸೇರಿದವು. ಅವುಗಳ ರುಚಿ ಸಿಗಬೇಕಾದರೆ ಅಡಿಗೆ ಒಲೆಯಿಂದ ಇಳಿದ ಮೇಲೆ, ಹಸಿಯಾಗಿ, ಚಮಚದ ಲೆಕ್ಕದಲ್ಲಿ ಹಾಕಬೇಕು. ಇದನ್ನು ಸೊರಡಿಯವರಾದ ನಾವು ಇಟಲಿಯವರಿಂದ ಕಲಿಯಬೇಕಾಗಿಯೂ ಇಲ್ಲ. ನಮ್ಮ ಆಯಿಗಳು ತಾಟಿನಲ್ಲಿ ಶೇಂಗಾ ಹಿಂಡಿ ಹಾಕಿ, ನಡುವೆ ಬೆರಳಿನಿಂದ ಸಣ್ಣ ಗುಂಡಿ ಮಾಡಿ, ಅದಕ್ಕೆ ಹಸಿ ಕುಸುಬಿ ಎಣ್ಣೆ ಬಿಟ್ಟು ಜೋಳದ ರೊಟ್ಟಿ ಅದ್ದಿ ತಿಂದವರು. ಇಟಲಿಯಲ್ಲಿ ಬ್ರೆಡ್ಡಿಗೆ ಎಣ್ಣೆ ಬಿಟ್ಟುಕೊಂಡು ತಿನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅವರು ಅದನ್ನು ಬಿಡಲಿಲ್ಲ, ನಾವು ಬಿಟ್ಟೆವು.

ನಮ್ಮ ಯುವಸಭೆಯಲ್ಲಿ ಒಮ್ಮೆ ನಾಲ್ಕು ಬಟ್ಟಲು ಇಟ್ಟೆವು: ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ, ಗಾಣದ ಕುಸುಬಿ, ಗಾಣದ ಶೇಂಗಾ, ಅಂಗಡಿಯ ಪಾಕೀಟಿನ ರಿಫೈಂಡ್ ಎಣ್ಣೆ. ಕಣ್ಣು ಕಟ್ಟಿಕೊಂಡು ಬಿಸಿ ರೊಟ್ಟಿಯ ಚೂರು ಅದ್ದಿ ತಿನ್ನಬೇಕು, ಅಷ್ಟೇ. ಶೇಂಗಾ ಎಣ್ಣೆಯನ್ನು ಎಲ್ಲರೂ ಗುರುತು ಹಿಡಿದರು. ಕುಸುಬಿಯನ್ನು ಹಿಡಿದವರು ನಲವತ್ತು ದಾಟಿದವರು ಮಾತ್ರ. ರಿಫೈಂಡ್ ಎಣ್ಣೆಗೆ ಸಿಕ್ಕ ತೀರ್ಪು: "ಇದರಾಗ ಏನೂ ಇಲ್ಲಲ್ಲೋ." ಆಲಿವ್ ಎಣ್ಣೆ ನುಂಗಿದ ಹುಡುಗನೊಬ್ಬ ಕೆಮ್ಮಿ, "ಮೆಣಸಿನಕಾಯಿ ಹಾಕೀರೇನ್ರಿ?" ಎಂದ.

ಆ ಕೆಮ್ಮಿಗೆ ಕಾರಣವಿದೆ. ತಾಜಾ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿ ಓಲಿಯೋಕ್ಯಾಂಥಲ್ ಎಂಬ ಪದಾರ್ಥ ಇರುತ್ತದೆ. ಅದು ಗಂಟಲಿನ ಹಿಂಭಾಗವನ್ನು ಚುರ್ ಅನ್ನಿಸುತ್ತದೆ. ನೋವಿನ ಮಾತ್ರೆ ಐಬುಪ್ರೊಫೆನ್ ಕೆಲಸ ಮಾಡುವ ದಾರಿಯಲ್ಲೇ ಇದೂ ಕೆಲಸ ಮಾಡುತ್ತದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದಮಾತ್ರಕ್ಕೆ ಎಣ್ಣೆ ಔಷಧಿಯಾಗಲಿಲ್ಲ, ಡಾಕ್ಟರರ ಮಾತ್ರೆ ಬಿಡಬೇಡಿ! ಆದರೆ ಎಣ್ಣೆ ತಾಜಾ ಇದೆಯೋ ಇಲ್ಲವೋ ತಿಳಿಯಲು ಗಂಟಲಿನ ಆ ಚುರುಕು ಒಂದು ಒಳ್ಳೆಯ ಗುರುತು. ಶೋಕೇಸಿನಲ್ಲಿ ಬೆಳಕಿಗೆ ನಿಂತ ಬಾಟಲಿಯಲ್ಲಿ ಅದು ಉಳಿಯುವುದಿಲ್ಲ.

ಕೊಳ್ಳುವಾಗಲೂ ಕಣ್ಣು ತೆರೆದಿರಬೇಕು. "ಆಲಿವ್" ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಎಕ್ಸ್‌ಟ್ರಾ ವರ್ಜಿನ್ ಅಂದರೆ ಕಾಯಿ ಅರೆದು, ರಾಸಾಯನಿಕ ಮುಟ್ಟಿಸದೆ ತೆಗೆದ ಎಣ್ಣೆ. ಅದರ ಆಮ್ಲೀಯತೆ 0.8 ಪ್ರತಿಶತ ದಾಟಬಾರದು. ಬಿ.ಎಸ್ಸಿ. ಲ್ಯಾಬಿನಲ್ಲಿ ನಾವು ಟೈಟ್ರೇಶನ್ ಮಾಡಿ ಲೆಕ್ಕ ಹಾಕುತ್ತಿದ್ದದ್ದೂ ಇದನ್ನೇ. "ಪೊಮೇಸ್" ಅಂದರೆ ಎಣ್ಣೆ ತೆಗೆದು ಉಳಿದ ಹಿಂಡಿಯಿಂದ ದ್ರಾವಕ ಹಾಕಿ ಮತ್ತೆ ತೆಗೆದು ರಿಫೈನ್ ಮಾಡಿದ್ದು. "ಲೈಟ್" ಅಂದರೆ ಬಣ್ಣ, ರುಚಿ ಹಗುರ, ಕೊಬ್ಬು ಅಷ್ಟೇ. ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ 9 ಕಿಲೋಕ್ಯಾಲರಿ. ಒಗ್ಗರಣೆಗೆ, ಪಲ್ಯಕ್ಕೆ ಎಕ್ಸ್‌ಟ್ರಾ ವರ್ಜಿನ್ ಹಾಕಬಾರದೆಂಬ ಮಾತು ಸುಳ್ಳು, ಅಷ್ಟು ಕಾವನ್ನು ಅದು ತಾಳುತ್ತದೆ. ಆದರೆ ಲೀಟರಿಗೆ ಸಾವಿರ ರೂಪಾಯಿ ದಾಟುವ ಎಣ್ಣೆಯನ್ನು ಬಾಣಲೆಗೆ ಸುರಿದು ಅದರ ವಾಸನೆಯನ್ನೆಲ್ಲ ಕಿಟಕಿಯಿಂದ ಹೊರಗೆ ಕಳಿಸುವುದು ಯಾವ ಲೆಕ್ಕ?

ಈಗ ಕುಸುಬಿಗೆ ಬರೋಣ. ಜತ್ತ ಪೇಟೆಯಲ್ಲಿ ಮರಾಠಿಯವರು ಇದನ್ನು ಕರಡಈ ಅನ್ನುತ್ತಾರೆ, ನಮ್ಮ ಸಣ್ಣ ಹುಡುಗರ ಕಿವಿಗೆ ಅದು ಕರಡಿಯ ಎಣ್ಣೆ! ಹಿಂದೆ ಹಿಂಗಾರಿಯಲ್ಲಿ ಬಿಳಿಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಇರುತ್ತಿತ್ತು. ಮುಳ್ಳಿಗೆ ದನ ಒಳಗೆ ಬರುತ್ತಿರಲಿಲ್ಲ, ಹೀಗಾಗಿ ಅದೇ ಬೇಲಿ, ಅದೇ ಎಣ್ಣೆ. ಎಳೆಯದಿದ್ದಾಗ ಸೊಪ್ಪು ಪಲ್ಯಕ್ಕೆ, ಬೀಜ ಗಾಣಕ್ಕೆ, ಹಿಂಡಿ ಎಮ್ಮೆಗೆ. (ನಮ್ಮಲ್ಲಿ ಎಮ್ಮೆ ತಿನ್ನುವುದೂ ಹಿಂಡಿ, ರೊಟ್ಟಿಯ ಜೊತೆ ನಾವು ತಿನ್ನುವುದೂ ಹಿಂಡಿ. ಇದನ್ನು ಹೊರಗಿನವರಿಗೆ ಬಿಡಿಸಿ ಹೇಳುವುದೇ ಒಂದು ಕೆಲಸ.) ಬೇರು ಆಳಕ್ಕೆ ಇಳಿಯುವ ಬೆಳೆಯಾದ್ದರಿಂದ ಮಳೆ ಕೈಕೊಟ್ಟ ವರ್ಷವೂ ಕಪ್ಪು ಮಣ್ಣಿನ ಹಸಿಯನ್ನು ಹೀರಿ ನಿಲ್ಲುತ್ತಿತ್ತು. ಬರದ ತಾಲೂಕಿಗೆ ಇದಕ್ಕಿಂತ ಹೊಂದುವ ಎಣ್ಣೆಕಾಳು ಯಾವುದಿದೆ?

ಆದರೂ ಹೊಲದಿಂದ ಹೋಯಿತು. ಮೊದಲ ಕಾರಣ ಮುಳ್ಳೇ. ಕೈಗೆ ಅರಿವೆ ಸುತ್ತಿಕೊಂಡು ಕೊಯ್ಯಲು ಈಗ ಆಳು ಸಿಗುವುದಿಲ್ಲ. ಹೇನಿನ ಕಾಟವೂ ಇದೆ. ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ ಬಂದವು, ಅವುಗಳ ರೊಕ್ಕದ ಮುಂದೆ ಕುಸುಬಿ ಎಲ್ಲಿ ನಿಲ್ಲಬೇಕು? ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಮುಳ್ಳಿಲ್ಲದ ಕುಸುಬಿ ತಳಿಗಳನ್ನು ಬೆಳೆಸಿದ್ದಾರೆ, ನಮ್ಮ ರೈತರು ಅದನ್ನು ಕೇಳಿ ನೋಡಬೇಕು. ಆದರೆ ಬೆಳೆದದ್ದನ್ನು ತಿನ್ನುವವರೇ ಇಲ್ಲದಿದ್ದರೆ ತಳಿ ಏನು ಮಾಡೀತು? ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ತಾಳೆ ಎಣ್ಣೆಯದು. ರಿಫೈನರಿಯಲ್ಲಿ ಅಂಟು ತೆಗೆದು, ಆಮ್ಲ ತೆಗೆದು, ಬಣ್ಣ ತೆಗೆದು, ಕೊನೆಗೆ ಬಿಸಿ ಹಬೆ ಹಾಯಿಸಿ ವಾಸನೆಯನ್ನೂ ತೆಗೆಯುತ್ತಾರೆ. "ಇದರಾಗ ಏನೂ ಇಲ್ಲ" ಎಂದ ನಮ್ಮ ಹುಡುಗರ ನಾಲಿಗೆ ಸರಿಯಾಗಿಯೇ ಹೇಳಿತ್ತು.

ಕುಸುಬಿಯೇ ಆಲಿವ್ ಎಂದು ನಾವು ಹೇಳುವುದಿಲ್ಲ. ಆಲಿವ್‌ನಲ್ಲಿ ಹೆಚ್ಚಿರುವುದು ಓಲಿಕ್ ಆಮ್ಲ. ನಮ್ಮ ಸಾಮಾನ್ಯ ಕುಸುಬಿಯಲ್ಲಿ ಮುಕ್ಕಾಲು ಭಾಗದ ಹತ್ತಿರ ಲಿನೋಲಿಕ್ ಆಮ್ಲ. ಇದು ದೇಹಕ್ಕೆ ಬೇಕಾದ್ದೇ, ಆದರೆ ಗಾಳಿ ತಾಗಿದರೆ ಬೇಗ ಕೆಡುತ್ತದೆ. ಹಳೆಯ ಕುಸುಬಿ ಡಬ್ಬಿಯ ಬಾಯಿಗೆ ಅಂಟು ಹಿಡಿಯುವುದನ್ನು ಎಲ್ಲರೂ ನೋಡಿದ್ದೇವೆ, ಅದು ಇದರದೇ ಕೆಲಸ. ಇದೇ ಗುಣಕ್ಕಾಗಿ ಕುಸುಬಿ ಎಣ್ಣೆಯನ್ನು ಬಣ್ಣ ತಯಾರಿಸುವುದಕ್ಕೂ ಬಳಸುತ್ತಾರೆ. ಆದ್ದರಿಂದ ವರ್ಷಕ್ಕಾಗುವಷ್ಟು ತುಂಬಿಡಬೇಡಿ. ತಿಂಗಳಿಗೆ ಒಂದು ಲೀಟರ್, ಕತ್ತಲೆಯ ಜಾಗದಲ್ಲಿ, ಒಲೆಯಿಂದ ದೂರ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ರೂಢಿಯಂತೂ ಯಾವ ಎಣ್ಣೆಗೂ ಬೇಡ.

ಇನ್ನು ಹುಳಿಯ ಮಾತು. ಬಾಲ್ಸಾಮಿಕ್ ಬರುವುದು ಇಟಲಿಯ ಮೊಡೆನಾ, ರೆಜ್ಜೊ ಎಮಿಲಿಯಾ ಕಡೆಯಿಂದ. ದ್ರಾಕ್ಷಿಯ ರಸವನ್ನು ಗಟ್ಟಿಯಾಗುವವರೆಗೆ ಕಾಯಿಸಿ, ಹುಳಿಯಾಗಲು ಬಿಟ್ಟು, ಬೇರೆ ಬೇರೆ ಮರದ ಪೀಪಾಯಿಗಳಿಗೆ ವರ್ಷವರ್ಷ ಬದಲಿಸುತ್ತ ಹೋಗುತ್ತಾರೆ. ಸಾಂಪ್ರದಾಯಿಕ ಎಂಬ ಮುದ್ರೆ ಬೀಳಲು ಕನಿಷ್ಠ 12 ವರ್ಷ ಬೇಕು, ಅದರ ಮೇಲಿನದಕ್ಕೆ 25 ವರ್ಷ. ಮೊಡೆನಾದಿಂದ ಅದು ಬರುವುದು 100 ಮಿಲಿಯ ಪುಟ್ಟ ಬಾಟಲಿಯಲ್ಲಿ, ಬೆಲೆಯ ಸುದ್ದಿ ಬೇಡ. ನಮ್ಮ ಕೈಗೆ ಸಿಗುವುದು ದ್ರಾಕ್ಷಿರಸಕ್ಕೆ ವೈನ್ ವಿನೆಗರ್ ಬೆರೆಸಿದ್ದು, ಅದಕ್ಕೆ 60 ದಿನ ಸಾಕು. ಅದೇನೂ ಕೆಟ್ಟದಲ್ಲ. ಲೇಬಲ್ಲಿನಲ್ಲಿ ಮೊದಲು ದ್ರಾಕ್ಷಿರಸದ ಹೆಸರಿದ್ದರೆ ಸಿಹಿ ಮುಂದು, ವಿನೆಗರ್ ಇದ್ದರೆ ಹುಳಿ ಮುಂದು.

ದ್ರಾಕ್ಷಿ ಎಂದರೆ ನಮ್ಮದೇ ಮಾತು. ಸಾಂಗ್ಲಿಯ ಒಣದ್ರಾಕ್ಷಿಗೆ ಜಿಐ ಮಾನ್ಯತೆ ಇದೆ, ತಾಸಗಾಂವದ ಬೇದಾಣೆ ಸೌದೆ ದೇಶಕ್ಕೆಲ್ಲ ಗೊತ್ತು. ಶೆಡ್ಡಿಗೆ ಹಾಕುವ ಮೊದಲು ಗೊಂಚಲುಗಳನ್ನು ಅದ್ದುವ ದ್ರಾವಣ ನೆನಪಿದೆಯೇ? ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್. ಈ ಓಲಿಯೇಟ್ ಹುಟ್ಟುವುದು ಆಲಿವ್ ಎಣ್ಣೆಯ ಮುಖ್ಯ ಆಮ್ಲವಾದ ಓಲಿಕ್‌ನಿಂದ. ಹಿಂದೆ ಮೆಡಿಟರೇನಿಯನ್ ಕಡೆಯವರು ಇದೇ ಕೆಲಸಕ್ಕೆ ಮರದ ಬೂದಿಯ ನೀರಿಗೆ ಆಲಿವ್ ಎಣ್ಣೆ ಬೆರೆಸುತ್ತಿದ್ದರು. ಅಂದರೆ ಆಲಿವ್‌ಗೂ ನಮ್ಮ ದ್ರಾಕ್ಷಿಗೂ ನಂಟು ಹೊಸದಲ್ಲ. ಆದರೆ ಪೇಟೆಗೆ ಹೋಗದೆ ಉಳಿದ ದ್ರಾಕ್ಷಿ, ಸೀಳಿದ ದಾಳಿಂಬೆ ಹೊಲದ ಬದುವಿನಲ್ಲಿ ಕೊಳೆಯುತ್ತವೆ, ನಾವು ಅಂಗಡಿಗೆ ಹೋಗಿ ಬಾಲ್ಸಾಮಿಕ್ ಗ್ಲೇಜ್ ಹುಡುಕುತ್ತೇವೆ.

ಒಂದು ಮನೆಪಾಠ ಹೇಳುತ್ತೇವೆ. ಸೀಳಿದ ಆದರೆ ಕೊಳೆಯದ ದಾಳಿಂಬೆಯ ಕಾಳು ಹಿಂಡಿ ನಾಲ್ಕು ಬಟ್ಟಲು ರಸ ತೆಗೆಯಿರಿ. ಬೀಜ ಅರೆಯಬೇಡಿ, ಒಗರಾಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟು ಒಂದು ಬಟ್ಟಲಿಗೆ ಇಳಿಸಿ. ಅಲ್ಯುಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಕೊನೆಗೆ ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು. ಆರಿದ ಮೇಲೆ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚಿ, ಇದರ ಒಂದು ಚಮಚ, ಗಾಣದ ಕುಸುಬಿ ಎರಡು ಚಮಚ ಹಾಕಿ ಕಲಸಿ. ಮನೆಯಲ್ಲಿ ಬಾಲ್ಸಾಮಿಕ್, ಆಲಿವ್ ಇದ್ದರೆ ಅವನ್ನೇ ಹಾಕಿ, ಇದೇ ಅಳತೆ. ಈ ಪಚಡಿ ರೊಟ್ಟಿಯ ಜೊತೆ ಹೇಗೆ ಹೋಗುತ್ತದೆಂದು ತಿಂದವರಿಗೇ ಗೊತ್ತು.

ಇಷ್ಟು ಹೇಳುವಾಗ ಒಬ್ಬ ಕಾಕಾ ಕೇಳಿದರು: "ಎಣ್ಣಿ ರುಚಿ ನೋಡ್ಕೋತ ಕೂಡೂದು ಇದ್ದವರ ಆಟ ಅಲ್ಲೇನ್ರಪಾ? ಆ ರೊಕ್ಕ ಬಡವರಿಗೆ ಕೊಡಬಾರದೇನು?" ಪ್ರಶ್ನೆ ಹಗುರವಲ್ಲ. ಬೆಥಾನಿಯದಲ್ಲಿ ಪರಿಮಳ ತೈಲ ಸುರಿದಾಗಲೂ ಇದೇ ಪ್ರಶ್ನೆ ಎದ್ದಿತ್ತು, ಕೇಳಿದವನು ಯೂದ ಎಂಬುದಕ್ಕಾಗಿ ಪ್ರಶ್ನೆಯನ್ನೇ ತಳ್ಳಿಬಿಡಲಾಗದು. ನಮ್ಮ ಉತ್ತರ ಇಷ್ಟು. ಹೆಸರಿಗಾಗಿ ಕೊಂಡು ಶೋಕೇಸಿನಲ್ಲಿ ನಿಲ್ಲಿಸುವ ಬಾಟಲಿಯ ವಿಷಯದಲ್ಲಿ ಕಾಕಾ ಹೇಳಿದ್ದು ಪೂರಾ ಸರಿ. ಆದರೆ ರುಚಿ ಶ್ರೀಮಂತರ ಸೊತ್ತಲ್ಲ. ಬೋವಜನ ಹೊಲದಲ್ಲಿ ರೂತಳು ತೆನೆ ಆಯುವ ಬಡ ಪರದೇಶಿ ಹೆಣ್ಣು. ಊಟದ ಹೊತ್ತಿಗೆ ಅವಳನ್ನು ಕರೆದು, ರೊಟ್ಟಿಯನ್ನು ಹುಳಿರಸದಲ್ಲಿ ಅದ್ದಿಕೊಂಡು ತಿನ್ನಲು ಹೇಳಿದರು. ಕೊಯ್ಯುವ ಆಳುಗಳ ದಿನದ ಊಟ ಅದು. ಒಣ ರೊಟ್ಟಿಗೆ ಒಂದು ಅದ್ದುವಿಕೆ ಬೇಕು ಎಂಬುದು ಬಡವರಿಗೇ ಹೆಚ್ಚು ಗೊತ್ತು.

ದೇವಾಲಯದಲ್ಲಿಯೂ ಎಣ್ಣೆಗೆ ಎಂಥ ಜಾಗವಿದೆ ನೋಡಿ. ಜ್ಞಾನಸ್ನಾನದಲ್ಲಿ, ದೃಢೀಕರಣದಲ್ಲಿ ಹಚ್ಚುವ ಕ್ರಿಸ್ಮಾ ಎಂದರೆ ಎಣ್ಣೆಗೆ ಬಾಲ್ಸಂ ಎಂಬ ಪರಿಮಳದ ಅಂಟು ಬೆರೆಸಿದ್ದು. ಬಾಲ್ಸಾಮಿಕ್ ವಿನೆಗರಿನ ಹೆಸರೂ ಅದೇ ಮೂಲದ್ದು, ಆದರೆ ಅದರಲ್ಲಿ ಬಾಲ್ಸಂ ಇಲ್ಲ. ಶತಮಾನಗಳಿಂದ ಈ ಎಣ್ಣೆ ಆಲಿವ್‌ನದೇ ಆಗಿರಬೇಕಿತ್ತು. ಜಗದ್ಗುರು ಆರನೇ ಪೌಲರು 1972ರಲ್ಲಿ ರೋಗಿಗಳ ಅಭ್ಯಂಗದ ವಿಧಿಯನ್ನು ಹೊಸದಾಗಿಸಿದಾಗ, ಆಲಿವ್ ಸಿಗದ ಅಥವಾ ಸಿಗುವುದು ಕಷ್ಟವಾದ ನಾಡುಗಳಲ್ಲಿ ಬೇರೆ ಸಸ್ಯಜನ್ಯ ಎಣ್ಣೆಯನ್ನೂ ಬಳಸಬಹುದೆಂದರು. ಸಂಸ್ಕಾರಕ್ಕೇ ಆಗುವ ನಾಡಿನ ಎಣ್ಣೆ ನಮ್ಮ ತಾಟಿಗೆ ಕಡಿಮೆಯಾಯಿತೇ?

ಆದ್ದರಿಂದ ಶಕ್ತಿ ಇದ್ದವರು ಒಂದು ಸಣ್ಣ ಬಾಟಲಿ ಒಳ್ಳೆಯ ಆಲಿವ್ ಕೊಂಡು ಸಂತೋಷದಿಂದ ತಿನ್ನಿ, ತೆರೆದ ಮೇಲೆ ಎರಡು-ಮೂರು ತಿಂಗಳಲ್ಲಿ ಮುಗಿಸಿ. ಅದಕ್ಕಿಂತ ಮೊದಲು ಗಾಣದವರಿಗೆ ಕೆಲಸ ಕೊಡಿ. ನಾಲ್ಕು ಕಿಲೋ ಹತ್ತಿರ ಬೀಜಕ್ಕೆ ಒಂದು ಕಿಲೋ ಎಣ್ಣೆ ಬಂದೀತು, ಹಾಗಾಗಿ ಪಾಕೀಟಿನ ದರಕ್ಕೆ ಗಾಣದ ಎಣ್ಣೆ ಕೇಳುವುದು ನ್ಯಾಯವಲ್ಲ. ಆ ದರಕ್ಕೆ ಕೊಡುತ್ತೇವೆ ಎನ್ನುವವರನ್ನು ನಂಬುವುದೂ ಜಾಣತನವಲ್ಲ.

ಕುಸುಬಿ ಕೊಯ್ಲು ಮತ್ತು ತಪಸ್ಸುಕಾಲ ನಮ್ಮಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಈ ಸಲ ಯುವಸಂಘದಿಂದ ಬೀಜ ಒಟ್ಟುಗೂಡಿಸಿ ಒಂದೇ ದಿನ ಗಾಣಕ್ಕೆ ಒಯ್ಯುವ ವಿಚಾರ ಇದೆ. ಎಣ್ಣೆ ಬೇಕಾದ ಮನೆಯವರು ಭಾನುವಾರದ ಪೂಜೆ ಮುಗಿದ ಮೇಲೆ ಹೆಸರು ಬರೆಸಿ. ಡಬ್ಬಿಯನ್ನು ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸಿ ತನ್ನಿ, ತಳದಲ್ಲಿ ನೀರಿನ ಪಸೆ ಉಳಿದರೆ ಎಣ್ಣೆ ಕಮಟು ಹಿಡಿಯುತ್ತದೆ. ಎಮ್ಮೆ ಇರುವ ಮನೆಯವರು ಹಿಂಡಿಗೆ ಬೇರೆ ಚೀಲ ತರಬೇಕು.