ಟ್ರೇಯ ಅಂಚಿನಲ್ಲಿ ಬಾಗುವ ಗೆರೆ

ಒಂದು ಧನ ಆವೇಶ, ಒಂದು ಋಣ ಆವೇಶ. ಅವುಗಳ ನಡುವಿನ ಕ್ಷೇತ್ರರೇಖೆಗಳನ್ನು ಹನ್ನೆರಡನೇ ತರಗತಿಯ ಹುಡುಗಿ ಕಣ್ಣು ಮುಚ್ಚಿಕೊಂಡೇ ಬಿಡಿಸುತ್ತಾಳೆ. ಪಠ್ಯಪುಸ್ತಕದ ಆ ಚಿತ್ರ ಅವಳ ಬೆರಳುಗಳಿಗೇ ಬಾಯಿಪಾಠ. ತೊಂದರೆ ಶುರುವಾಗುವುದು ಪ್ರಯೋಗದ ದಿನ, ಅದೇ ಚಿತ್ರ ಅಳತೆಯ ಜಾಗದಲ್ಲಿ ಬಂದು ಕೂತಾಗ.

ಪ್ರಯೋಗ ಸರಳ. ಪಾರದರ್ಶಕ ಪ್ಲಾಸ್ಟಿಕ್ ಟ್ರೇ, ಅದರಡಿ ಗ್ರಾಫ್ ಹಾಳೆ, ಟ್ರೇಯಲ್ಲಿ ಒಂದು ಸೆಂಟಿಮೀಟರ್ ನಲ್ಲಿನೀರು, ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದ ಎರಡು ಹಿತ್ತಾಳೆ ಕಡ್ಡಿಗಳು. ಅವಕ್ಕೆ 9 ವೋಲ್ಟ್ ಬ್ಯಾಟರಿ. ವೋಲ್ಟ್‌ಮೀಟರಿನ ಒಂದು ತಂತಿ ಋಣ ಕಡ್ಡಿಗೆ. ಇನ್ನೊಂದರ ತುದಿಯನ್ನು ನೀರಿನಲ್ಲಿ ಆಡಿಸುತ್ತಾ 3 ವೋಲ್ಟ್ ತೋರಿದಲ್ಲೆಲ್ಲ ಚುಕ್ಕೆ ಇಡಬೇಕು. ಚುಕ್ಕೆಗಳನ್ನು ಸೇರಿಸಿದರೆ ಒಂದು ಸಮವಿಭವ ರೇಖೆ. ಹೀಗೆಯೇ 4ಕ್ಕೆ, 5ಕ್ಕೆ.

ಕೈಗೆ ಸಿಗುವುದು ಇಷ್ಟೇ. ಕ್ಷೇತ್ರರೇಖೆಯನ್ನು ಈ ಮೀಟರು ತೋರಿಸುವುದಿಲ್ಲ. ಅದನ್ನು ಚುಕ್ಕೆಗಳಿಂದ ಹೊರಡಿಸಬೇಕು. ಸಮವಿಭವ ರೇಖೆಯ ಗುಂಟ ಆವೇಶವನ್ನು ಒಯ್ದರೆ ಕ್ಷೇತ್ರ ಯಾವ ಕೆಲಸವನ್ನೂ ಮಾಡುವುದಿಲ್ಲ. ಅಂದಮೇಲೆ ಕ್ಷೇತ್ರಕ್ಕೆ ಆ ದಿಕ್ಕಿನಲ್ಲಿ ಅಂಶವೇ ಇಲ್ಲ; ಅದು ರೇಖೆಯನ್ನು ಲಂಬವಾಗಿಯೇ ದಾಟಬೇಕು, ಹೆಚ್ಚು ವಿಭವದಿಂದ ಕಡಿಮೆಯ ಕಡೆಗೆ. 4 ಮತ್ತು 5 ವೋಲ್ಟ್ ರೇಖೆಗಳ ನಡುವೆ ಒಂದು ಸೆಂಟಿಮೀಟರ್ ಇದ್ದರೆ ಅಲ್ಲಿ ಕ್ಷೇತ್ರ ಸುಮಾರು ಮೀಟರಿಗೆ 100 ವೋಲ್ಟ್. ಅರ್ಧ ಸೆಂಟಿಮೀಟರ್ ಇದ್ದರೆ 200. ಪುಣೆಯಿಂದ ಸಹ್ಯಾದ್ರಿಯ ಕೋಟೆಗಳಿಗೆ ನಕ್ಷೆ ಹಿಡಿದು ಚಾರಣ ಹೋಗುವವರಿಗೆ ಇದು ಹೊಸತಲ್ಲ: ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವಲ್ಲಿ ಏರು ಕಡಿದು, ಅವನ್ನು ಅಡ್ಡ ಕತ್ತರಿಸಿ ಹತ್ತಿದರೆ ಅದೇ ಅತಿ ಕಡಿದಾದ ದಾರಿ.

ಟ್ರೇಯ ಅಂಚಿನಲ್ಲಿ ಪುಸ್ತಕವೂ ಪ್ರಯೋಗವೂ ಬೇರೆಯಾಗುತ್ತವೆ. ಪ್ಲಾಸ್ಟಿಕ್ ಗೋಡೆಯೊಳಗೆ ವಿದ್ಯುತ್ ಹರಿಯದು. ಆದ್ದರಿಂದ ಗೋಡೆಯ ಬಳಿ ನೀರಿನಲ್ಲಿನ ಪ್ರವಾಹ ಗೋಡೆಯ ಗುಂಟವೇ ಸಾಗಬೇಕು, ಕ್ಷೇತ್ರವೂ ಅಷ್ಟೇ. ಸಮವಿಭವ ರೇಖೆಗಳು ಗೋಡೆಗೆ ನೇರ ಲಂಬವಾಗಿ ಬಂದು ಮುಟ್ಟುತ್ತವೆ. ಪುಸ್ತಕದ ಚಿತ್ರದಲ್ಲಿ ಗೋಡೆಯೇ ಇಲ್ಲ, ಅಲ್ಲಿ ರೇಖೆಗಳು ಬಯಲಿಗೆ ಹರಡಿಕೊಳ್ಳುತ್ತವೆ. ಹುಡುಗಿಯ ಚುಕ್ಕೆಗಳು ಗೋಡೆಯ ಸುದ್ದಿಯನ್ನು ಸರಿಯಾಗಿಯೇ ಹೇಳಿರುತ್ತವೆ. ಆದರೆ ಅವಳು ರಬ್ಬರ್ ತೆಗೆದುಕೊಂಡು ಅವನ್ನು ಒಳಕ್ಕೆ ಸರಿಸುತ್ತಾಳೆ, ಕ್ಷೇತ್ರರೇಖೆಗಳನ್ನು ಪ್ಲಾಸ್ಟಿಕ್ ತೂರಿ ಹೊರಗೆ ಕಳಿಸುತ್ತಾಳೆ. ಚಿತ್ರ ಅಂದವಾಗಿದೆ, ಪೂರ್ತಿ ಅಂಕ. ಇದು ಅವಳ ತಪ್ಪಲ್ಲ. ಅಂದಕ್ಕೆ ಅಂಕ ಕೊಡುವವರ ತಪ್ಪು.

ಮೇಷ್ಟರು ಒಪ್ಪಲಿಕ್ಕಿಲ್ಲ. ಬ್ಯಾಟರಿಯ ಏಕಮುಖ ಪ್ರವಾಹಕ್ಕೆ ಕಡ್ಡಿಗಳ ಬಳಿ ಗುಳ್ಳೆ ಏಳುತ್ತದೆ, ಮೀಟರಿನ ಅಂಕಿ ಅಲುಗುತ್ತದೆ, ಚುಕ್ಕೆಗಳನ್ನು ಕೊಂಚ ನಯಗೊಳಿಸದೆ ವಿಧಿಯಿಲ್ಲ ಎಂದಾರು. ನಿಜ. ಆದರೆ ಅಲುಗಾಟ ಬೇರೆ, ಬಾಗು ಬೇರೆ. ಇನ್ನೊಮ್ಮೆ ಅಳೆದರೆ ಅಲುಗಾಟ ಜಾಗ ಬದಲಿಸುತ್ತದೆ. ಬಾಗು ಅಲ್ಲೇ ಇರುತ್ತದೆ. ಇನ್ನೂ ದೊಡ್ಡ ಟ್ರೇ ತಂದರೆ ಬಾಗು ಗೋಡೆಯ ಜೊತೆಗೇ ದೂರ ಸರಿಯುತ್ತದೆ. ಇಷ್ಟನ್ನು ಕಂಡುಕೊಂಡ ವಿದ್ಯಾರ್ಥಿಗೆ ಕ್ಷೇತ್ರ ಅರ್ಥವಾಗಿದೆ, ಗೆರೆ ಸೊಟ್ಟಗಿದ್ದರೂ.

ಪರೀಕ್ಷಕರಿಗೆ ಇನ್ನೂ ಸುಲಭದ ದಾರಿಯಿದೆ. ಎರಡು ಕಡ್ಡಿಗಳಲ್ಲಿ ಒಂದನ್ನು ತೆಗೆದು, ಆ ಜಾಗದಲ್ಲಿ ಮನಬಂದಂತೆ ಬಗ್ಗಿಸಿದ ತಾಮ್ರದ ತಗಡೊಂದನ್ನು ಟ್ರೇಯ ಮೂಲೆಗೆ ನಿಲ್ಲಿಸುವುದು. ಆ ಚಿತ್ರ ಯಾವ ಗೈಡಿನಲ್ಲೂ ಸಿಗದು.