ಶಾಲು ಯಾರ ಹೆಗಲಿಗೆ?

ಸನ್ಮಾನದ ಫೋಟೊ ಬರದ ದಿನವಿಲ್ಲ. ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗ, ಯಾವ ಕಡೆಯಿಂದ ಬಂದರೂ ಫೋಟೊ ಒಂದೇ ನಮೂನಿ. ನಡುವೆ ಒಬ್ಬರ ತಲೆ ಮೇಲೆ ಮೈಸೂರು ಪೇಟ, ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ನೆನಪಿನ ಕಾಣಿಕೆಗೆ ಮಾತ್ರ ಹದಿನೈದು ಕೈ. ಸನ್ಮಾನ ಆಗಿದ್ದು ಯಾರಿಗೆ ಅಂತ ಗೊತ್ತಾಗಬೇಕಾದರೆ ಬೆರಳಿನಿಂದ ಫೋಟೊ ದೊಡ್ಡದು ಮಾಡಿ ನೋಡಬೇಕು. ಜೊತೆಗೆ ಬರುವ ಸುದ್ದಿಯಲ್ಲಿ ವೇದಿಕೆ ಮೇಲೆ ಕುಂತವರ ಹೆಸರು ಎಂಟು ಸಾಲು, ಸನ್ಮಾನಿತರ ಕೆಲಸದ ಬಗ್ಗೆ ಅರ್ಧ ಸಾಲು. 'ಫಲಾನ ಹುದ್ದೆಯಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಕಾಲೇಜಿನ ಹೆಮ್ಮೆಯ ಹಳೆಯ ವಿದ್ಯಾರ್ಥಿ.' ಮುಗೀತು.

ಈ ಅರ್ಧ ಸಾಲಿನ ಬಗ್ಗೆಯೇ ನಾವು ಇವತ್ತು ಮಾತಾಡುವುದು.

ಮೊದಲೇ ಹೇಳಿಬಿಡುತ್ತೇವೆ, ಸನ್ಮಾನ ಬೇಡ ಅನ್ನುವವರು ನಾವಲ್ಲ. ನಮ್ಮ ಕಡೆ ಈಗ ಹತ್ತನೇ ತರಗತಿಯ ಹಳೇ ಬ್ಯಾಚಿನವರು ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡು, ತಲಾ ಇಷ್ಟು ಅಂತ ಪಟ್ಟಿ ಹಾಕಿ, ಕಲಿಸಿದ ಮಾಸ್ತರರನ್ನು ಕರೆಸಿ ಗುರುವಂದನೆ ಮಾಡುತ್ತಾರೆ. ಅದು ಚಂದ. ಅಲ್ಲಿ ಹಮಾಲಿ ಮಾಡುವವನೂ ಬ್ಯಾಂಕಿನ ಮ್ಯಾನೇಜರನೂ ಒಂದೇ ಬೆಂಚಿನಲ್ಲಿ ಕೂಡುತ್ತಾರೆ. 'ಲೇ, ನಿನಗೆ ಗಣಿತ ಬರ್ತಿದ್ದಿಲ್ಲ' ಅಂತ ಮ್ಯಾನೇಜರನ ತಲೆಗೆ ಮೊಟಕುತ್ತಾರೆ. ಸಾಲಿಯ ಸನ್ಮಾನದಲ್ಲಿ ಹುದ್ದೆ ಲೆಕ್ಕಕ್ಕಿಲ್ಲ.

ಕಾಲೇಜು, ವಿಶ್ವವಿದ್ಯಾಲಯದ ಮಟ್ಟಕ್ಕೆ ಹೋದ ಕೂಡಲೇ ಲೆಕ್ಕ ಬದಲಾಗುತ್ತದೆ. ಅದಕ್ಕೊಂದು ಕಾರಣವೂ ಇದೆ. ಕಾಲೇಜುಗಳಿಗೆ ಗ್ರೇಡ್ ಕೊಡಲು ಬರುವ ನ್ಯಾಕ್ ತಂಡದ ಅಳತೆಗೋಲಿನಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೇ ಬೇರೆ ಅಂಕ ಇದೆ. ಸಂಘ ನೋಂದಣಿ ಆಗಿದೆಯೇ, ಅವರು ಕಾಲೇಜಿಗೆ ಏನು ಕೊಟ್ಟರು ಅಂತ ಕೇಳುತ್ತಾರೆ. ಹಾಗಾಗಿ ಎಷ್ಟೋ ಕಡೆ ನ್ಯಾಕ್ ಬರುವ ವರ್ಷ ಸಂಘ ಹುಟ್ಟುತ್ತದೆ, 'ಸಾಧಕರ' ಪಟ್ಟಿ ತಯಾರಾಗುತ್ತದೆ, ಶಾಲು ಬರುತ್ತವೆ. ತಂಡ ಹೋದ ಮೇಲೆ ಸಂಘದ ರಿಜಿಸ್ಟರು ಬೀರುವಿಗೆ ಹೋಗುತ್ತದೆ. ಅವಸರದಲ್ಲಿ ಮಾಡಿದ ಪಟ್ಟಿಯಲ್ಲಿ ಯಾರಿರುತ್ತಾರೆ? ಫೋನ್ ನಂಬರ್ ಸುಲಭಕ್ಕೆ ಸಿಗುವವರು. ಬೋರ್ಡಿನ ಮೇಲೆ ಹೆಸರಿರುವವರು. ನಾಳೆ ಕಾಲೇಜಿನ ಒಂದು ಫೈಲು ಮುಂದಕ್ಕೆ ಸರಿಸಬಲ್ಲವರು.

ಆಮಂತ್ರಣದಲ್ಲಿ 'ಸಾಧನೆ ಮತ್ತು ಸೇವೆ' ಅಂತ ಎರಡು ಪದ ಜೋಡಿಯಾಗಿ ಬರುತ್ತವೆ. ಆರಿಸುವಾಗ ಒಂದನ್ನೇ ನೋಡುತ್ತಾರೆ.

ಎರಡೂ ಒಂದೇ ಮನುಷ್ಯರಲ್ಲಿ ಕೂಡಿದರೆ ಹೇಗಿರುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಕಲಬುರಗಿಯ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಹಳಷ್ಟು ಮಂದಿಗೆ ಅವರ ಹೆಸರು ಅವತ್ತೇ ಗೊತ್ತಾಗಿದ್ದು. ಹುಟ್ಟಿದ್ದು ಕಲಬುರಗಿಯ ಕೊಳೆಗೇರಿಯಲ್ಲಿ, ಮಾದಿಗ ಸಮುದಾಯದ ಬಡ ಮನೆಯಲ್ಲಿ. ತಾಯಿ ಸಂತೆಯಲ್ಲಿ ಕಾಯಿಪಲ್ಯೆ ಮಾರುತ್ತಿದ್ದರು. ಮಗಳೂ ತಲೆ ಮೇಲೆ ಬುಟ್ಟಿ ಹೊತ್ತವಳೇ. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ನಾವು ಕಿಮ್ಸ್ ಅನ್ನುವ ಆಸ್ಪತ್ರೆಯ ಕಾಲೇಜಿನಲ್ಲಿ, ಸೀಟು ಸಿಕ್ಕಾಗ ಫೀಸಿಗೆ ದುಡ್ಡಿರಲಿಲ್ಲ. ತಾಯಿ ಕೊರಳಿನ ತಾಳಿಯನ್ನೇ ತೆಗೆದುಕೊಟ್ಟರು. ಕನ್ನಡ ಮಾಧ್ಯಮದಲ್ಲಿ ಓದಿ ಹೋದ ಹುಡುಗಿ ಮೊದಲ ವರ್ಷದ ಪರೀಕ್ಷೆಯಲ್ಲಿ ಫೇಲಾದರು.

ಈ ಫೇಲಾದದ್ದನ್ನು ಓದುಗರು ಇನ್ನೊಂದು ಸಲ ಓದಬೇಕು. ನಮ್ಮೂರುಗಳಲ್ಲಿ ಪಿಯುಸಿ ಸೈನ್ಸ್‌ಗೆ ಸೇರಿ, ಇಂಗ್ಲಿಷ್ ಪುಸ್ತಕಕ್ಕೆ ಹೆದರಿ, ಮೂರನೇ ತಿಂಗಳಿಗೆ ಆರ್ಟ್ಸ್‌ಗೆ ಬದಲಾಗುವ ಹುಡುಗಿಯರು ಎಷ್ಟು ಮಂದಿ ಅಂತ ನಿಮಗೇ ಗೊತ್ತು. ದೇಶಮಾನೆಯವರು ಅಲ್ಲಿಗೆ ಬಿಡಲಿಲ್ಲ. ಮತ್ತೆ ಓದಿ ಎಂ.ಬಿ.ಬಿ.ಎಸ್. ಮುಗಿಸಿದರು, ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಮಾಡಿದರು, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಸೇರಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದರು. ಅಲ್ಲೇ 2015ರಲ್ಲಿ ನಿವೃತ್ತರಾದರು. ಆಮೇಲೆ ಸುಮ್ಮನೆ ಕೂಡಲಿಲ್ಲ, ಊರೂರಿಗೆ ಹೋಗಿ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಬಗ್ಗೆ ತಿಳಿಸುವ ಕೆಲಸ ಹಿಡಿದರು. ನಮ್ಮ ಕಡೆ ಎದೆಯಲ್ಲಿ ಗಂಟು ಬಂದರೆ ಗಂಡನಿಗೂ ಹೇಳದ ಹೆಂಗಸರಿದ್ದಾರೆ. ನಾಚಿಕೆ ಮುಗಿಯುವಷ್ಟರಲ್ಲಿ ರೋಗ ಮುಂದೆ ಹೋಗಿರುತ್ತದೆ. ಅಂಥವರ ಮುಂದೆ ಕನ್ನಡದಲ್ಲಿ, ಅಕ್ಕನ ಹಾಗೆ ಕೂತು ಹೇಳುವ ಡಾಕ್ಟರು ಬೇಕಲ್ಲ? ಸೇವೆ ಅಂದರೆ ನಮ್ಮ ಲೆಕ್ಕದಲ್ಲಿ ಇದು.

ಇನ್ನೊಬ್ಬರು ಡಾ. ಎಚ್. ಸುದರ್ಶನ್. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ 1973ರಲ್ಲಿ ಪದವಿ ಮುಗಿಸಿದವರು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ಉಳಿದರು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಸೋಲಿಗರಲ್ಲಿ ಕುಡಗೋಲು ರಕ್ತಕಣದ ರೋಗ ಇದೆ ಅನ್ನುವುದನ್ನು ಗುರುತಿಸಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ. ಪ್ರಶಸ್ತಿ ಬಂದದ್ದಕ್ಕೆ ಈಗ ನಾವು ಅವರ ಹೆಸರು ಬರೆಯುತ್ತಿದ್ದೇವೆ. ಬೆಟ್ಟಕ್ಕೆ ಹೋದ ಮೊದಲ ವರ್ಷ ಅವರನ್ನು 'ಹೆಮ್ಮೆಯ ಹಳೆಯ ವಿದ್ಯಾರ್ಥಿ' ಅಂತ ಯಾವ ಪಟ್ಟಿ ಸೇರಿಸುತ್ತಿತ್ತು ಹೇಳಿ? ನಗರದಲ್ಲಿ ಕ್ಲಿನಿಕ್ ಇಡದೆ ಕಾಡು ಸೇರಿದವನಿಗೆ ತಲೆ ಕೆಟ್ಟಿದೆ ಅನ್ನುವ ಮಂದಿಯೇ ಜಾಸ್ತಿ.

ಇದು ಬರೀ ಡಾಕ್ಟರ ಮಾತಲ್ಲ. ನಮ್ಮ ಹೊಲಕ್ಕೇ ಬನ್ನಿ. ಹತ್ತಿ ಬೆಳೆದ ಹಿರಿಯರಿಗೆ ವರಲಕ್ಷ್ಮಿ ಹತ್ತಿ ಗೊತ್ತು, ಜಯಲಕ್ಷ್ಮಿ ಗೊತ್ತು. ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ತಳಿ ಮಾಡಿದವರು ಬಿ.ಎಚ್. ಕಟರಕಿ ಅನ್ನುವ ವಿಜ್ಞಾನಿ. ಆ ಹೆಸರು ಎಷ್ಟು ರೈತರಿಗೆ ಗೊತ್ತು? ನಮ್ಮ ಭಾಗದಲ್ಲಿ ಬಿತ್ತುವ ಟಿಎಸ್-3ಆರ್ ತೊಗರಿ, ನಾಲೆ ಕೆಳಗೆ ನಾಟಿ ಮಾಡುವ ಗಂಗಾವತಿ ಸೋನಾ ಭತ್ತ, ಇವೆಲ್ಲ ಈಗಿನ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿಂದ ಬಂದವು. ಅವುಗಳ ಹಿಂದೆ ಎಷ್ಟೋ ಪದವೀಧರರ ವರ್ಷಗಟ್ಟಲೆಯ ಕೆಲಸ ಇದೆ. ಕೃಷಿ ಮೇಳದಲ್ಲಿ ಒಳ್ಳೆಯ ರೈತರಿಗೆ ಸನ್ಮಾನ ಮಾಡುವ ಪದ್ಧತಿ ಇದೆ, ಅದು ಸರಿ. ಹಾಗೆಯೇ ತೊಗರಿಗೆ ನೆಟೆ ರೋಗ ಬಂದಾಗ ಬೈಕ್ ಮೇಲೆ ಹೊಲಕ್ಕೆ ಬರುವ ರೈತ ಸಂಪರ್ಕ ಕೇಂದ್ರದ ಹುಡುಗನನ್ನು, ಅದೇ ವಿಶ್ವವಿದ್ಯಾಲಯದಲ್ಲಿ ಓದಿದ್ದರೆ, ಒಂದು ಸಲ ವೇದಿಕೆಗೆ ಕರೆಯಬಹುದಲ್ಲ? ಬಹುರಾಷ್ಟ್ರೀಯ ಬೀಜ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿದವರನ್ನು ಹುಡುಕಿ ಕರೆಯುವುದು ಸುಲಭ. ಆ ಕಂಪನಿಯ ಬೀಜ ಕೈಕೊಟ್ಟಾಗ ಪಂಚನಾಮೆಗೆ ಬರುವವನು ಈ ಬೈಕಿನ ಹುಡುಗ.

ಇಲ್ಲಿ ಒಂದು ಸಂಗತಿ ನಮಗೆ ಸೋಜಿಗ ಅನಿಸುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಒಳಗೆ ಕಾಲಿಡದವರನ್ನು ಗುರುತಿಸುವುದನ್ನು ಕಲಿತಿವೆ. ಸಾಲುಮರದ ತಿಮ್ಮಕ್ಕನವರಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೊಟ್ಟಿತು. ಇಬ್ಬರೂ ಸಾಲಿ ಕಲಿತವರಲ್ಲ. ಕೈತುಂಬ ಮಣ್ಣಿನ ಕೆಲಸ ಮಾಡಿದವರಿಗೆ ಕಪ್ಪು ನಿಲುವಂಗಿ ಹಾಕಿಸಿದ್ದು ದೊಡ್ಡ ಮಾತು. ಅದೇ ಕಣ್ಣು ತನ್ನ ಬಾಗಿಲಿನಿಂದ ಹೊರಗೆ ಹೋದವರ ಮೇಲೆ ಯಾಕೆ ಬೀಳುವುದಿಲ್ಲ?

ನಮ್ಮ ಕಡೆಯವರಿಗೆ ಇದು ಯಾಕೆ ಮುಖ್ಯ ಅಂದರೆ, ವಿಶ್ವವಿದ್ಯಾಲಯ ಅನ್ನುವುದು ನಮ್ಮ ಹತ್ತಿರ ಬರಲು ಬಹಳ ಕಾಲ ಹಿಡಿಯಿತು. ನಿಜಾಮರ ಕಾಲದಲ್ಲಿ ರಾಯಚೂರಿನವರಿಗೆ ವಿಶ್ವವಿದ್ಯಾಲಯ ಅಂದರೆ ಹೈದರಾಬಾದಿನ ಉಸ್ಮಾನಿಯಾ, ಅಲ್ಲಿ ಪಾಠ ಉರ್ದುವಿನಲ್ಲಿ. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾ ತನ್ನ ವಿದ್ಯಾರ್ಥಿಗಳನ್ನು ಹೊರಗೆ ಹಾಕಿತು. ಹಾಗೆ ಓದು ಬಿಟ್ಟು ನಾಗಪುರಕ್ಕೆ ಹೋಗಬೇಕಾದವರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು. ಮುಂದೆ ಪ್ರಧಾನಿಯಾದರು. (ಒಳ್ಳೆಯ ವಿದ್ಯಾರ್ಥಿ ಯಾರು ಅಂತ ಸಂಸ್ಥೆಗಳಿಗೆ ಆ ಕಾಲಕ್ಕೇ ಗೊತ್ತಾಗುವುದು ಅಪರೂಪ.) ಏಕೀಕರಣ ಆದ ಮೇಲೆ ಧಾರವಾಡ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ. ರಾಯಚೂರು ಹತ್ತಿರದ ಯರಗೇರಾದಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಇತ್ತು, ಅದೇ ಈಗ ಮಹರ್ಷಿ ವಾಲ್ಮೀಕಿ ಹೆಸರಿನ ಸ್ವಂತ ವಿಶ್ವವಿದ್ಯಾಲಯವಾಗಿದೆ. ಅಜ್ಜ ಹೈದರಾಬಾದಿಗೆ ಹೋಗಬೇಕಿತ್ತು, ಮೊಮ್ಮಗಳು ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುತ್ತಾಳೆ. ಟಿಕೆಟ್ಟೂ ಇಲ್ಲ.

ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ 'ಮಹತ್ವಾಕಾಂಕ್ಷೆಯ ಜಿಲ್ಲೆ' ಅಂತ ಹಿಂದುಳಿದ ಜಿಲ್ಲೆಗಳನ್ನು ಆರಿಸಿದಾಗ ರಾಜ್ಯದಿಂದ ಹೋದವು ರಾಯಚೂರು ಮತ್ತು ಯಾದಗಿರಿ. 371ಜೆ ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ಇಲ್ಲಿನ ಮಕ್ಕಳಿಗೆ. ಆ ಸೀಟಿನಲ್ಲಿ ಓದಿದ ಡಾಕ್ಟರು, ಎಂಜಿನಿಯರು, ಕೃಷಿ ಪದವೀಧರರು ಈಗ ಹೊರಗೆ ಬರುತ್ತಿದ್ದಾರೆ. ಇವರಲ್ಲಿ ಬೆಂಗಳೂರಿಗೆ ಹೋದವರಿಗೆ ಶಾಲು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರಿಗೆ 'ಪಾಪ, ಎಲ್ಲೂ ಸಿಗಲಿಲ್ಲವೇನೋ' ಅನ್ನುವ ಮಾತು ಆದರೆ, ಬರುವ ಬ್ಯಾಚು ಏನು ಕಲಿಯುತ್ತದೆ?

ಇದಕ್ಕೆ ಎದುರು ವಾದ ಇದೆ, ನಮಗೂ ಅದನ್ನು ತಳ್ಳಿಹಾಕಲು ಬರುವುದಿಲ್ಲ. ದೇವದುರ್ಗದ ತಾಂಡಾದ ಹುಡುಗಿಯೊಬ್ಬಳು ತಮ್ಮ ಕಾಲೇಜಿನಲ್ಲೇ ಓದಿದ ಐಎಎಸ್ ಅಧಿಕಾರಿಯನ್ನು ಎದುರಿಗೆ ನೋಡಿದರೆ ಅವಳ ಎದೆಯಲ್ಲಿ ಏನೋ ಒಂದು ಹತ್ತಿಕೊಳ್ಳುತ್ತದೆ. ಅದು ಬೇಕು. ದೊಡ್ಡ ಹುದ್ದೆಗೆ ಹೋದವರೆಲ್ಲ ಊರು ಮರೆತವರಲ್ಲ. ಎಷ್ಟೋ ಮಂದಿ ಸದ್ದಿಲ್ಲದೆ ಬಡ ಮಕ್ಕಳ ಫೀಸು ಕಟ್ಟುತ್ತಾರೆ. ನಮ್ಮ ತಕರಾರು ಅವರನ್ನು ಕರೆಯುವುದರ ಬಗ್ಗೆ ಅಲ್ಲ, ಅವರನ್ನೇ ಕರೆಯುವುದರ ಬಗ್ಗೆ.

ಇನ್ನು ಈ ಸಮಾರಂಭಗಳಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಗುಂಪಿದೆ. ಅತಿಥಿ ಉಪನ್ಯಾಸಕರು. ಎಂ.ಎ., ಎಂ.ಎಸ್ಸಿ. ಮಾಡಿ, ಕೆಲವರು ಚಿನ್ನದ ಪದಕ ಪಡೆದು, ನೆಟ್ಟು, ಪಿಎಚ್‌ಡಿ ಮುಗಿಸಿ, ತಾವು ಓದಿದ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲೇ ಪಾಠ ಮಾಡುವವರು. ಹಳ್ಳಿ ಮಕ್ಕಳಿಗೆ ಪದವಿ ಪಾಠ ಸಿಗುತ್ತಿರುವುದೇ ಬಹುಪಾಲು ಇವರಿಂದ. ಹಳೆಯ ವಿದ್ಯಾರ್ಥಿಯ ಸೇವೆ ಅಂದರೆ ಇದಕ್ಕಿಂತ ಇನ್ನೇನು? ಆದರೆ ಸಾಧಕರ ಸನ್ಮಾನದ ದಿನ ಇವರು ಕುರ್ಚಿ ಹಾಕಿಸುತ್ತಿರುತ್ತಾರೆ, ನಿರೂಪಣೆ ಮಾಡುತ್ತಿರುತ್ತಾರೆ, ಊಟದ ಹಾಲಿನಲ್ಲಿ ಬಡಿಸುತ್ತಿರುತ್ತಾರೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಅಂತ ರಾಜ್ಯದ ತುಂಬ ತರಗತಿ ಬಿಟ್ಟು ಧರಣಿ ಕೂತಿದ್ದರು. ಅವರನ್ನು ಕೇಳಿದರೆ 'ಶಾಲು ಬ್ಯಾಡ್ರಿ, ಸಂಬಳ ಹೊತ್ತಿಗೆ ಕೊಡ್ರಿ ಸಾಕು' ಅನ್ನುತ್ತಾರೆ. ಸರಿಯಾದ ಮಾತು. ಸನ್ಮಾನ ಸಂಬಳಕ್ಕೆ ಬದಲಿ ಆಗುವುದಿಲ್ಲ. ಆದರೆ ಅವರ ಹೆಸರು ಆ ಪಟ್ಟಿಗೆ ಬಂದರೆ, ಕುಲಪತಿಗಳ ಪಕ್ಕದ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಅದೇ ಮಾತನ್ನು ಹೇಳುವ ಅವಕಾಶವಾದರೂ ಸಿಗುತ್ತದೆ.

ಹಾಗಾದರೆ ಹೇಗೆ ಆರಿಸಬೇಕು? ಪ್ರಾಂಶುಪಾಲರ ಕೋಣೆಯಲ್ಲಿ ನಾಲ್ಕು ಮಂದಿ ಕೂತು ನೆನಪಾದ ಹೆಸರು ಬರೆಯುವುದು ಬಿಟ್ಟು, ಊರಿನವರನ್ನು ಕೇಳಬೇಕು. ನಿಮ್ಮೂರಲ್ಲಿ ನಮ್ಮ ಕಾಲೇಜಿನವರು ಯಾರಿದ್ದಾರೆ, ಅವರಿಂದ ನಿಮಗೆ ಏನಾಗಿದೆ ಅಂತ. ಊರಿನವರು ಹುದ್ದೆ ಹೇಳುವುದಿಲ್ಲ, ಕೆಲಸ ಹೇಳುತ್ತಾರೆ. ರಾತ್ರಿ ಹೆರಿಗೆಗೆ ಬಾಗಿಲು ತೆಗೆದ ನರ್ಸಮ್ಮ, ಪಿಂಚಣಿ ಅರ್ಜಿಗೆ ಲಂಚ ಕೇಳದ ಗ್ರಾಮ ಲೆಕ್ಕಿಗ, ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದ ಮಕ್ಕಳನ್ನು ಹೊಲಕ್ಕೇ ಹೋಗಿ ಕರೆತಂದ ಮಾಸ್ತರು. ಪಟ್ಟಿಯಲ್ಲಿ ಅರ್ಧದಷ್ಟಾದರೂ ಜಿಲ್ಲೆಯೊಳಗೇ ಕೆಲಸ ಮಾಡುವವರು ಇರಲಿ. ಹೊರಗಿನಿಂದ ಬರುವ ದೊಡ್ಡವರು ಶಾಲು ಹೊದ್ದು ಕಾರು ಹತ್ತುವ ಮುಂಚೆ ಒಂದು ತರಗತಿಯಲ್ಲಿ ಒಂದು ತಾಸು ಮಕ್ಕಳ ಜೊತೆ ಕೂಡಲಿ. ತಾವು ಎಲ್ಲಿ ಫೇಲಾದೆವು, ಯಾರು ಫೀಸು ಕಟ್ಟಿದರು, ಇಂಗ್ಲಿಷ್ ಹೇಗೆ ಕಲಿತೆವು ಅಂತ ಹೇಳಲಿ. ದೇಶಮಾನೆಯವರ ಪದ್ಮಶ್ರೀಗಿಂತ ಅವರ ಮೊದಲ ವರ್ಷದ ಫಲಿತಾಂಶವೇ ನಮ್ಮ ಮಕ್ಕಳಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇದನ್ನು ಓದುತ್ತಿರುವ ನೀವೂ ಯಾವುದಾದರೂ ಕಾಲೇಜಿನ ಹಳೆಯ ವಿದ್ಯಾರ್ಥಿಯೇ ಇರುತ್ತೀರಿ, ಇಲ್ಲವೇ ನಿಮ್ಮ ಮನೆಯಲ್ಲಿ ಒಬ್ಬರಿರುತ್ತಾರೆ. ಸಂಘದ ಸಭೆ ಯಾವಾಗ ಅಂತ ಕಾಲೇಜಿಗೆ ಹೋಗಿ ಕೇಳಿ. ರಿಜಿಸ್ಟರು ಬೀರುವಿನಲ್ಲಿದ್ದರೆ ತೆಗೆಸಿ. ನಿಮಗೆ ಗೊತ್ತಿರುವ ಒಂದು ಹೆಸರು, ಆ ಮನುಷ್ಯ ಮಾಡಿದ ಕೆಲಸ ಎರಡು ಸಾಲು, ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ಪ್ರತಿ ನಮಗೂ ಕಳಿಸಿ.