ಹುಡುಗ ಮುಂದೆ ಕೂರಲಿ

ಹೊಸನಗರದಲ್ಲಿ ಪಿಕಪ್ ಬಾಡಿಗೆ ಹೊಡೆಯುವ ನನಗೆ ವರ್ಷಕ್ಕೆ ಎರಡು ಸುಗ್ಗಿ. ಒಂದು ಅಡಿಕೆಯದು, ಇನ್ನೊಂದು ಬೈಕಿನದು. ಕಾಲೇಜು ಶುರುವಾಗುವ ಹೊತ್ತಿಗೆ ಮಣಿಪಾಲ, ಮಂಗಳೂರಿಗೆ ಹೊರಟ ಮಕ್ಕಳ ಬೈಕು. ಮಳೆಗಾಲದಲ್ಲಿ ನೀರು ಹೊಕ್ಕು ತೋಟದ ದಾರಿಯಲ್ಲೇ ನಿಂತುಬಿಟ್ಟ ಬೈಕು. ಸಾಗರ ಜಂಬಗಾರು ಸ್ಟೇಷನ್ನಿಗೆ ಹೋಗಿ, ಪೆಟ್ರೋಲು ಬಸಿದು, ಗೋಣಿ ಸುತ್ತಿಸಿ ಪಾರ್ಸೆಲ್ ಹಾಕುವ ತಾಳ್ಮೆ ಎಲ್ಲರಿಗೂ ಇಲ್ಲ. ತೀರ್ಥಹಳ್ಳಿಯಲ್ಲಂತೂ ರೈಲೇ ಇಲ್ಲ. ಹಾಗಾಗಿ ಫೋನು ನನಗೆ ಬರುತ್ತದೆ. ಬಾಡಿಗೆ ಕುದುರಿದ ಮೇಲೆ ಕೊನೆಗೊಂದು ಮಾತು ಇದ್ದೇ ಇರುತ್ತದೆ: "ಕಟ್ಟೋದೆಲ್ಲ ಎಂತಕ್ಕೆ ಮಾರಾಯ್ರೇ, ನಮ್ಮ ಹುಡುಗ ಹಿಂದೆ ಹಿಡ್ಕಂಡು ಕೂರ್ತಾನೆ."

ಹೀಗೆ ಹಿಂದೆ ಕೂರಿಸುವುದು ನಿಲ್ಲಬೇಕು. ಇಷ್ಟು ಹೇಳಲಿಕ್ಕೇ ಪೆನ್ನು ಹಿಡಿದಿದ್ದೇನೆ.

ಇದು ನಮಗೆ ಎಲ್ಲಿಂದ ಅಂಟಿತು ಅಂತ ಯೋಚಿಸಿದರೆ ಲಾಂಚೇ ನೆನಪಾಗುತ್ತದೆ. ಲಿಂಗನಮಕ್ಕಿ ಹಿನ್ನೀರು ಊರುಗಳ ನಡುವೆ ನಿಂತ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೋಗುವ ಭಕ್ತರು ಎಲ್ಲ ಲಾಂಚಿನಲ್ಲೇ ದಾಟಬೇಕಿತ್ತು. ಬೈಕಿನವನು ಪಕ್ಕದಲ್ಲೇ ಹ್ಯಾಂಡಲ್ ಹಿಡಿದು ನಿಲ್ಲುತ್ತಿದ್ದ. ಅಲ್ಲಿ ಅದು ಸಾಕಿತ್ತು. ಲಾಂಚಿಗೆ ಹೇರ್‌ಪಿನ್ ತಿರುವಿಲ್ಲ, ಹಂಪಿಲ್ಲ, ಎದುರಿಗೆ ದನ ಅಡ್ಡ ಬರುವುದಿಲ್ಲ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು; ಆ 2.44 ಕಿಲೋಮೀಟರನ್ನು ಈಗ ಮೂರ್ನಾಲ್ಕು ನಿಮಿಷದಲ್ಲಿ ದಾಟುತ್ತೇವೆ. ಹ್ಯಾಂಡಲ್ ಹಿಡಿದು ನಿಲ್ಲುವ ಚಾಳಿ ಮಾತ್ರ ಲಾಂಚಿನಿಂದ ಇಳಿದು ಪಿಕಪ್ ಹತ್ತಿಬಿಟ್ಟಿದೆ.

ನಾನೂ ಮೊದಲಿಂದ ಬುದ್ಧಿವಂತನೇನಲ್ಲ. ಅಕ್ಕನ ಮಗನನ್ನೇ ಹಿಂದೆ ಕೂರಿಸಿಕೊಂಡು ಹುಲಿಕಲ್ ಘಾಟಿ ಇಳಿದವನು. ಬುಲೆಟ್ಟನ್ನು ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಒಂದು ನೈಲಾನ್ ಹಗ್ಗ ಹಾಯಿಸಿ ಎರಡೂ ಬದಿಗೆ ಬಿಗಿದಿದ್ದೆ. ಮಳೆಗೆ ಗಂಟು ಜಾರಿ ಹಗ್ಗ ಸಡಿಲಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ತಿರುವಿನಲ್ಲಿ ಲಾರಿ ಎದುರಾಯಿತು, ಬ್ರೇಕ್ ಒತ್ತಿದೆ. ಬೈಕು ಮುಂದಕ್ಕೆ ಜಾರುತ್ತಲೇ ಸ್ಟ್ಯಾಂಡು ಮಡಚಿತು. ಬುಲೆಟ್ಟಿನ ತೂಕ ಹೆಚ್ಚುಕಡಿಮೆ 190 ಕಿಲೋ, ಹುಡುಗ ಐವತ್ತೈದು ಇದ್ದನೋ ಏನೋ. ಫುಟ್‌ರೆಸ್ಟು ಅವನ ಮೊಣಕಾಲ ಕೆಳಗೆ ನಾಟಿತ್ತು. ಮೂಳೆ ಕೂಡಿದೆ, ಆರಿದ್ರಾ ಮಳೆ ಹಿಡಿದರೆ ಈಗಲೂ ಸೆಳೆಯುತ್ತದೆ ಅನ್ನುತ್ತಾನೆ. ಅಕ್ಕ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಪಿಕಪ್ಪಿನ ನೆಲಕ್ಕೆ ನಾಲ್ಕು ಕಬ್ಬಿಣದ ಬಳೆ ವೆಲ್ಡಿಂಗ್ ಮಾಡಿಸಿದೆ. ನನ್ನ ಗಾಡಿಗೆ ಕಂಪನಿಯವರು ಕೊಟ್ಟ ಹುಕ್ಕುಗಳು ಬಾಡಿಯ ಹೊರಗಿವೆ. ಅಡಿಕೆ ಮೂಟೆಗೆ ಸಾಕು, ಬೈಕಿಗೆ ಸಾಲದು. ಹಗ್ಗ ಬಾಡಿಯ ಅಂಚಿಗೆ ಉಜ್ಜಿ ಉಜ್ಜಿ ಹರಿಯುತ್ತದೆ. ಈಗ ಮುಂದಿನ ಚಕ್ರವನ್ನು ಕ್ಯಾಬಿನ್ ಕಡೆಯ ತಡಿಕೆಗೆ ಒತ್ತಿ ನೆಟ್ಟಗೆ ನಿಲ್ಲಿಸುತ್ತೇನೆ, ಸ್ಟ್ಯಾಂಡು ಹಾಕುವುದಿಲ್ಲ. ಹ್ಯಾಂಡಲ್ ತುದಿಗೆ ಬೆಲ್ಟು ಕಟ್ಟುವುದೂ ಇಲ್ಲ, ಅದು ತಿರುಗುತ್ತದೆ, ಬಾಗುತ್ತದೆ. ಅದರ ಕೆಳಗೆ ಎರಡೂ ಫೋರ್ಕನ್ನು ಹಿಡಿದಿರುವ ಗಟ್ಟಿ ಕಬ್ಬಿಣವಿದೆಯಲ್ಲ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ರಾಚೆಟ್ ಬೆಲ್ಟು, ಮುಂದಕ್ಕೆ ಓರೆಯಾಗಿ ನೆಲದ ಬಳೆಗೆ. ಬಣ್ಣ ಹೋಗದಂತೆ ಮಧ್ಯೆ ಹಳೇ ಸೈಕಲ್ ಟ್ಯೂಬಿನ ತುಂಡು. ಒಂದು ಹಲ್ಲು ಇತ್ತ, ಒಂದು ಹಲ್ಲು ಅತ್ತ ಬಿಗಿಯುತ್ತ ಹೋದರೆ ಬೈಕು ಮೂಗು ತಗ್ಗಿಸುತ್ತದೆ. ಫೋರ್ಕು ಅರ್ಧ ಕುಗ್ಗಿದಾಗ ನಿಲ್ಲಿಸಬೇಕು. ಪೂರ್ತಿ ಕುಕ್ಕಿದರೆ ಆಯಿಲ್ ಸೀಲಿಗೆ ಕೇಡು. ಕುಗ್ಗಿಸದೇ ಬಿಟ್ಟರೆ ಮೊದಲ ಗುಂಡಿಯಲ್ಲೇ ಬೆಲ್ಟು ಸಡಿಲಾಗಿ ಹುಕ್ಕು ಕಳಚುತ್ತದೆ. ಹಿಂದಿನ ಚಕ್ರ ಕುಣಿಯದಂತೆ ಫ್ರೇಮಿನಿಂದ ಇನ್ನೆರಡು. ಕೊನೆಗೆ ಸೀಟು ಹಿಡಿದು ಜಗ್ಗಿ ನೋಡುತ್ತೇನೆ: ಬೈಕಿನ ಜೊತೆ ಪಿಕಪ್ಪೂ ಅಲುಗಬೇಕು.

ಹುಲಿಕಲ್ಲಿನಲ್ಲಿ ಚಂಡಿಕಾಂಬೆಗೆ ಕೈ ಮುಗಿಯಲು ಹೇಗೂ ಗಾಡಿ ನಿಲ್ಲಿಸುತ್ತೇವೆ. ಕೈ ಮುಗಿದು ಬಂದು ಬೆಲ್ಟಿಗೂ ಒಮ್ಮೆ ಕೈ ಹಾಕಿದರೆ ದೇವಿಯೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ವಿಮೆ ಇದೆಯಲ್ಲ ಅನ್ನುವವರಿಗೊಂದು ಮಾತು. ಗೂಡ್ಸ್ ಗಾಡಿಯಲ್ಲಿ ಪುಕ್ಕಟೆ ಹತ್ತಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ, ಆಶಾ ರಾಣಿ ಪ್ರಕರಣದಲ್ಲಿ, ಹೇಳಿಬಿಟ್ಟಿದೆ. ಹಿಂದೆ ಕೂತವನಿಗೆ ಏನಾದರೂ ಆದರೆ ತೋಟ ಮಾರಬೇಕಾದವರು ಗಾಡಿ ಮಾಲೀಕರು. ನನ್ನ ಜೊತೆಯ ಪಿಕಪ್ಪಿನವರಿಗೆ ಇದನ್ನು ಹೇಳಿದರೆ, "ಬಳೆ ಹಾಕ್ಸಕ್ಕೆ ದುಡ್ಡು ನೀ ಕೊಡ್ತೀಯ?" ಅನ್ನುತ್ತಾರೆ. ನನಗೆ ತಗುಲಿದ್ದು 800 ರೂಪಾಯಿ. ಆಸ್ಪತ್ರೆಯ ಬಿಲ್ಲು ಎಷ್ಟಾಗಿತ್ತು ಅಂತ ಅವರು ಕೇಳುವುದಿಲ್ಲ.

ಈಚೆಗೆ ತೀರ್ಥಹಳ್ಳಿಯಿಂದ ಮಣಿಪಾಲಕ್ಕೊಂದು ಬಾಡಿಗೆ ಬಂತು. ಹುಡುಗ ಆಗಲೇ ಹಿಂದೆ ಹತ್ತಿ ಬೈಕಿನ ಪಕ್ಕ ಜಾಗ ಮಾಡಿಕೊಂಡಿದ್ದ. ಇಳಿಸಿ ಮುಂದೆ ಕೂರಿಸಿದೆ. ಅವನಮ್ಮ ಕೇಳಿದರು, "ಹಿಂದೆ ಕೂತ್ರೆ ಬಾಡಿಗೆ ಏನಾದ್ರೂ ಕಡಿಮೆ ಆಗುತ್ತಾ?"

"ಜಾಸ್ತಿ ಆಗುತ್ತೆ ಅಮ್ಮ," ಅಂದೆ.

ಆಗುಂಬೆಯ 14 ತಿರುವಿನಲ್ಲೂ ಅವನು ಕತ್ತು ತಿರುಗಿಸಿ ಗಾಜಿನಲ್ಲಿ ಬೈಕನ್ನೇ ನೋಡುತ್ತಿದ್ದ. ಸೋಮೇಶ್ವರ ದಾಟಿದ ಮೇಲೆ ನಿದ್ದೆ ಹೋದ.